ಒಳಗಿನವರ ಜೊತೆ ಮಾತು: ಐಎಫ್‌ಎಸ್ ಥೆರಪಿ, ಹಳೇ ಗಾಯ, ಸರಿಯಾದ ಥೆರಪಿಸ್ಟ್ – ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಥೆರಪಿಸ್ಟೂ ಅಲ್ಲ. ಮೂರೂವರೆ ವರ್ಷ ಈ ಥೆರಪಿಗೆ, ಅಂದರೆ ಮನಸ್ಸಿನೊಳಗಿನ ಭಾಗಗಳನ್ನು ಮಾತಾಡಿಸುವ ಚಿಕಿತ್ಸೆಗೆ ಹೋದವಳು. ಅದಕ್ಕೂ ಮುಂಚೆ ಎರಡು ಕಡೆ ಹೋಗಿ ಅರ್ಧಕ್ಕೇ ಬಿಟ್ಟು ಬಂದವಳು. ಗೆಳತಿಯರು, ಅವರ ಅಕ್ಕತಂಗಿಯರು, ಅವರಿಗೆ ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕನ್ನಡದಲ್ಲಿ ಒಂದು ಕಡೆ ಸಿಗಲಿ ಅಂತ ಬರೆದಿಟ್ಟಿದ್ದೇನೆ.

ಈಗಲೇ ಸಾಯಬೇಕು ಅನ್ನಿಸುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ನಂಬರ್. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ "ಭಾಗಗಳ ಥೆರಪಿ" ಅಂದ್ರೆ ಏನು?

"ಒಂದು ಮನಸ್ಸು ಹೋಗು ಅಂತಿದೆ, ಇನ್ನೊಂದು ಮನಸ್ಸು ಬೇಡ ಅಂತಿದೆ." ಈ ಮಾತನ್ನು ನಾವು ದಿನಕ್ಕೊಂದು ಸಲವಾದರೂ ಆಡುತ್ತೇವೆ. ಆಡುವಾಗ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಈ ಥೆರಪಿ ಆ ಮಾತನ್ನು ಅಕ್ಷರಶಃ ತಗೊಳ್ಳುತ್ತದೆ, ಅಷ್ಟೆ. ಹೋಗು ಅನ್ನುವ ಮನಸ್ಸಿಗೆ ಅದರದ್ದೇ ಕಾರಣ ಇದೆ. ಬೇಡ ಅನ್ನುವ ಮನಸ್ಸಿಗೂ ಇದೆ. ಎರಡನ್ನೂ ಕೂರಿಸಿ, ಒಂದೊಂದಾಗಿ ಮಾತಾಡಿಸೋಣ ಅನ್ನುತ್ತದೆ.

ಈ ಥರದ ಪದ್ಧತಿಗಳು ಹಲವು ಇವೆ. ಈಗೋ ಸ್ಟೇಟ್ ಥೆರಪಿ ಇದೆ, ಸ್ಕೀಮಾ ಥೆರಪಿಯಲ್ಲಿ "ಮೋಡ್" ಅನ್ನುತ್ತಾರೆ, ಗೆಸ್ಟಾಲ್ಟ್‌ನಲ್ಲಿ ಖಾಲಿ ಕುರ್ಚಿ ಇಟ್ಟು ಮಾತಾಡಿಸುತ್ತಾರೆ. ಈಗ ಜಾಸ್ತಿ ಕೇಳಿಬರುವ ಹೆಸರು ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್, ಚಿಕ್ಕದಾಗಿ ಐಎಫ್‌ಎಸ್. ನಾನು ಹೋಗಿದ್ದು ಅದಕ್ಕೇ, ಹಾಗಾಗಿ ಇಲ್ಲಿ ಅದರ ಬಗ್ಗೆಯೇ ಬರೆಯುತ್ತೇನೆ. ಇಂಟರ್ನೆಟ್‌ನಲ್ಲಿ ಹುಡುಕುವಾಗ ಪೂರ್ತಿ ಹೆಸರು ಹಾಕಿ. ಬರೀ ಐಎಫ್‌ಎಸ್ ಅಂದರೆ ಅರಣ್ಯ ಸೇವೆ, ವಿದೇಶಾಂಗ ಸೇವೆಯ ಪರೀಕ್ಷೆಗಳೇ ಬರುತ್ತವೆ.

ಇದನ್ನು ಯಾರು ಶುರು ಮಾಡಿದ್ದು?

ರಿಚರ್ಡ್ ಶ್ವಾರ್ಟ್ಜ್ ಅಂತ, ಅಮೆರಿಕದವರು. 1980ರ ದಶಕದಲ್ಲಿ ಚಿಕಾಗೋದಲ್ಲಿ ಫ್ಯಾಮಿಲಿ ಥೆರಪಿಸ್ಟ್ ಆಗಿದ್ದರು. ಅಂದರೆ ಒಂದು ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸುವ ಕೆಲಸ. ಬುಲೀಮಿಯಾ ಅಂತ ಒಂದು ಕಾಯಿಲೆ ಇದೆ. ಹೊಟ್ಟೆ ಬಿರಿಯುವಷ್ಟು ತಿಂದು, ಆಮೇಲೆ ವಾಂತಿ ಮಾಡಿ ಹೊರಗೆ ಹಾಕುವುದು. ಆ ಕಾಯಿಲೆ ಇದ್ದ ಹುಡುಗಿಯರು ಇವರ ಹತ್ತಿರ ಬರುತ್ತಿದ್ದರು. ಅವರು ತಮ್ಮೊಳಗಿನ ಗಲಾಟೆಯನ್ನು ಹೇಳುತ್ತಿದ್ದ ರೀತಿ ಇವರ ಕಿವಿಗೆ ಬಿತ್ತು. ಒಂದು ಭಾಗ ಬೈಯುತ್ತದೆ, ಇನ್ನೊಂದು ಅಳುತ್ತದೆ, ಮೂರನೆಯದು ತಿನ್ನು ಅನ್ನುತ್ತದೆ. ಥೇಟ್ ಒಂದು ಮನೆಯ ಜಗಳದ ಹಾಗೆ. ಹೊರಗಿನ ಮನೆಯವರ ಜೊತೆ ಮಾಡುತ್ತಿದ್ದ ಕೆಲಸವನ್ನೇ ಒಳಗಿನವರ ಜೊತೆ ಮಾಡಿದರೆ ಹೇಗೆ ಅಂತ ಅವರಿಗೆ ಹೊಳೆದದ್ದು ಹಾಗೆ.

ಅವರೇ ಹೇಳಿಕೊಂಡಿರುವ ಒಂದು ಘಟನೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಕೈ ಕೊಯ್ದುಕೊಳ್ಳುತ್ತಿದ್ದ ಒಬ್ಬ ಹುಡುಗಿಯ ಜೊತೆ ಕೂತು, ಕೊಯ್ಯುವ ಆ ಭಾಗದ ಹತ್ತಿರ ಗಂಟೆಗಟ್ಟಲೆ ವಾದ ಮಾಡಿ, ಈ ವಾರ ಮಾಡುವುದಿಲ್ಲ ಅಂತ ಒಪ್ಪಿಸಿ ಕಳಿಸಿದರಂತೆ. ಮುಂದಿನ ಸಲ ಅವಳು ಮುಖದ ಮೇಲೇ ಗಾಯ ಮಾಡಿಕೊಂಡು ಬಂದಳು. ಆಗ ಅವರು ಸೋಲೊಪ್ಪಿಕೊಂಡರು. ಗೆಲ್ಲುವ ಹಟ ಬಿಟ್ಟ ಮೇಲೆ ಆ ಭಾಗವೂ ಮೆತ್ತಗಾಯಿತು. ಯಾಕೆ ಹೀಗೆ ಮಾಡುತ್ತೀಯ ಅಂತ ಕುತೂಹಲದಿಂದ ಕೇಳಿದಾಗ, ಚಿಕ್ಕಂದಿನಲ್ಲಿ ಅವಳ ಮೇಲೆ ದೌರ್ಜನ್ಯ ಆಗುವಾಗ ತಾನು ಅವಳನ್ನು ಹೇಗೆ ಕಾಪಾಡಿದೆ ಅಂತ ಅದು ಹೇಳಿತು. ಇಡೀ ಪದ್ಧತಿಯ ಬೇರು ಅಲ್ಲಿದೆ. ನಾವು ಯಾವ ಭಾಗವನ್ನು ಕಂಡರೆ ಹೇಸುತ್ತೇವೋ ಅದು ಯಾವತ್ತೋ ನಮ್ಮನ್ನು ಉಳಿಸಲು ನಿಂತ ಕಾವಲುಗಾರ.

ಒಳಗೆ ಯಾರ್ಯಾರು ಇರುತ್ತಾರೆ?

ಐಎಫ್‌ಎಸ್ ಭಾಷೆಯಲ್ಲಿ ಮೂರು ಗುಂಪು. ಮೊದಲನೆಯದು ಮ್ಯಾನೇಜರ್‌ಗಳು. ಏನೂ ಎಡವಟ್ಟಾಗದ ಹಾಗೆ ಮುಂಚೆಯೇ ನೋಡಿಕೊಳ್ಳುವವರು. ಎಲ್ಲರಿಗೂ ಹ್ಞೂಂ ಅನ್ನುವವಳು, ರಾತ್ರಿ ಹನ್ನೊಂದಕ್ಕೂ ಅಡಿಗೆ ಕಟ್ಟೆ ಒರೆಸುವವಳು, "ನಿನ್ನ ಕೈಲಿ ಏನಾಗುತ್ತೆ" ಅಂತ ದಿನಾ ಬೈಯುವ ಒಳದನಿ, ಇವೆಲ್ಲ ಮ್ಯಾನೇಜರ್‌ಗಳೇ.

ಎರಡನೆಯವರು ಫೈರ್‌ಫೈಟರ್‌ಗಳು, ಬೆಂಕಿ ಆರಿಸುವವರು. ನೋವು ಹೊತ್ತಿಕೊಂಡ ಮೇಲೆ ಓಡಿಬರುತ್ತಾರೆ. ಮನೆ ನೆನೆದು ಹಾಳಾದರೂ ಚಿಂತೆ ಇಲ್ಲ, ಬೆಂಕಿ ಆರಬೇಕು ಅಷ್ಟೆ. ಕುಡಿತ, ಕೂಗಾಟ, ರಾತ್ರಿ ಎರಡು ಗಂಟೆವರೆಗೆ ಫೋನ್ ತಿಕ್ಕುವುದು, ಬೇಡದ ಶಾಪಿಂಗ್, ಮೈ ಮರಗಟ್ಟಿ ಹೋಗುವುದು, ಸಾಯುವ ಯೋಚನೆ ಕೂಡ ಹಲವು ಸಲ ಇವರ ಕೆಲಸವೇ.

ಮೂರನೆಯವರು ಎಕ್ಸೈಲ್‌ಗಳು, ಗಡೀಪಾರಾದವರು. ನಮ್ಮ ಚಿಕ್ಕಂದಿನ ಭಯ, ನಾಚಿಕೆ, ಒಂಟಿತನ ಹೊತ್ತುಕೊಂಡು ಕತ್ತಲಲ್ಲಿ ಕೂತ ಮಕ್ಕಳು. ಇವರು ಹೊರಗೆ ಬಂದರೆ ತಡೆದುಕೊಳ್ಳಲು ಆಗುವುದಿಲ್ಲ ಅಂತ ಮೊದಲೆರಡು ಗುಂಪಿನವರು ಬಾಗಿಲು ಹಾಕಿ ಕಾಯುತ್ತಿರುತ್ತಾರೆ.

ಈ ಯಾವ ಭಾಗವೂ ಅಲ್ಲದ ಒಂದಿದೆ. ಅದನ್ನು ಸೆಲ್ಫ್ ಅನ್ನುತ್ತಾರೆ. ಶಾಂತಿ, ಕುತೂಹಲ, ಕರುಣೆ, ಧೈರ್ಯ ಇವೆಲ್ಲ ಅದರ ಗುಣ. ಇದನ್ನು ಆತ್ಮ ಅಂತ ಕನ್ನಡ ಮಾಡಿದರೆ ಮಾತು ವೇದಾಂತದ ಕಡೆ ಹೋಗಿಬಿಡುತ್ತದೆ, ಅದು ಬೇಡ. ಮಗು ಬಿದ್ದು ಅಳುತ್ತಾ ಬಂದಾಗ ಬೈಯದೆ, ಗಾಬರಿಯೂ ಆಗದೆ, "ಎಲ್ಲಿ ನೋವಾಯ್ತು, ತೋರ್ಸು" ಅಂತ ಕೇಳುವ ದೊಡ್ಡವರು ಇರುತ್ತಾರಲ್ಲ, ನಮ್ಮೊಳಗಿನ ಅಂಥವರು. ಎಷ್ಟೇ ಪೆಟ್ಟು ತಿಂದವರಲ್ಲೂ ಇದು ಹಾಳಾಗದೆ ಉಳಿದಿರುತ್ತದೆ ಅನ್ನುವುದು ಐಎಫ್‌ಎಸ್‌ನ ನಂಬಿಕೆ. ನಾನು ಮೊದಲು ಇದನ್ನು ನಂಬಿರಲಿಲ್ಲ.

ನನಗೆ ಅಂಥದ್ದೇನೂ ಆಗಿಲ್ಲ. ನನ್ನದೂ ಟ್ರಾಮಾನಾ?

ಅಪಘಾತ, ಅತ್ಯಾಚಾರ, ಪ್ರವಾಹ, ಕಣ್ಣೆದುರಿನ ಸಾವು, ಇವು ಟ್ರಾಮಾ, ಅಂದರೆ ಮನಸ್ಸಿಗೆ ಆದ ಆಳದ ಗಾಯ ಅನ್ನುವುದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ವರ್ಷಗಟ್ಟಲೆ ದಿನಾ ಸ್ವಲ್ಪ ಸ್ವಲ್ಪ ಹೆದರಿ ಬೆಳೆಯುವುದೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಪಿಟಿಎಸ್‌ಡಿ (ದೊಡ್ಡ ಆಘಾತ ಆದಮೇಲೆ ಬಿಡದೆ ಕಾಡುವ ಕಾಯಿಲೆ) ಪಕ್ಕದಲ್ಲೇ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಬೇರೆಯಾಗಿ ಸೇರಿಸಿದ್ದಾರೆ. ತಪ್ಪಿಸಿಕೊಳ್ಳಲು ಆಗದ ಜಾಗದಲ್ಲಿ, ಮತ್ತೆ ಮತ್ತೆ, ಬಹಳ ಕಾಲ ಆದ ಹಿಂಸೆಯಿಂದ ಬರುವಂಥದ್ದು. ನಿಮಗೆ ಆ ಹೆಸರು ಸೇರುತ್ತದೋ ಇಲ್ಲವೋ ಪರೀಕ್ಷೆ ಮಾಡಿ ಹೇಳಬೇಕಾದವರು ಡಾಕ್ಟರ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಥೆರಪಿಗೆ ಹೋಗಲು ಆ ಹೆಸರು ಬೇಕೇ ಬೇಕು ಅಂತಿಲ್ಲ. "ನಮ್ಮ ಕಾಲದಲ್ಲಿ ಎಲ್ಲರಿಗೂ ಹೊಡೀತಿದ್ರು" ಅನ್ನುವ ಮಾತು ನಿಜ ಇರಬಹುದು. ಅದರಿಂದ ನಿಮ್ಮ ನೋವೇನೂ ಕಡಿಮೆ ಆಗುವುದಿಲ್ಲ.

ಸೆಷನ್‌ನಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ನನ್ನದೇ ಒಂದು ಸೆಷನ್ ಹೇಳುತ್ತೇನೆ, ಆಗ ಸುಲಭ.

ನನಗೆ ಒಂದು ಅಭ್ಯಾಸ ಇತ್ತು. ಅಪ್ಪ ಹೊಡೆಯುತ್ತಿದ್ದ ವಿಷಯ ಹೇಳುವಾಗ ನಗು ಬರುತ್ತಿತ್ತು. ಜೋಕ್ ಹೇಳುವ ಹಾಗೆ ಹೇಳುತ್ತಿದ್ದೆ. ಒಂದು ದಿನ ನನ್ನ ಥೆರಪಿಸ್ಟ್, "ಈಗ ನಗ್ತಿದ್ದಾರಲ್ಲ, ಅವರನ್ನ ಸ್ವಲ್ಪ ಮಾತಾಡಿಸೋಣ್ವಾ?" ಅಂತ ಕೇಳಿದರು. ಆ ನಗು ಮೈಯಲ್ಲಿ ಎಲ್ಲಿ ಗೊತ್ತಾಗುತ್ತದೆ ಅಂದರು. ದವಡೆಯಲ್ಲಿ. ಕಲ್ಲಿನ ಹಾಗೆ ಬಿಗಿದಿತ್ತು. ಅದರ ಬಗ್ಗೆ ನಿಮಗೆ ಏನನ್ನಿಸುತ್ತದೆ ಅಂದರು. ಸಿಟ್ಟು ಬರುತ್ತದೆ ಅಂದೆ. "ಆ ಸಿಟ್ಟು ಇನ್ನೊಂದು ಭಾಗ. ಸ್ವಲ್ಪ ಪಕ್ಕಕ್ಕೆ ಕೂತ್ಕೋತೀಯಾ ಅಂತ ಕೇಳಿ." ಕೇಳಿದೆ. ಕೂತುಕೊಂಡಿತು. ಆಮೇಲೆ ನಗುವ ಭಾಗದ ಮೇಲೆ ನಿಜಕ್ಕೂ ಕುತೂಹಲ ಹುಟ್ಟಿತು. ಈ ಬದಲಾವಣೆಗೇ ಅವರು ಕಾಯುತ್ತಿದ್ದರು. ಕುತೂಹಲ ಹುಟ್ಟಿತು ಅಂದರೆ ಸೆಲ್ಫ್ ಬಂದು ಕೂತಿದೆ ಅಂತ ಅರ್ಥ.

ನೀನು ನಗದಿದ್ದರೆ ಏನಾಗುತ್ತೆ ಅಂತ ನಗುವ ಭಾಗವನ್ನು ಕೇಳಿದೆ. "ಅವಳು ಅಳ್ತಾಳೆ. ಅತ್ರೆ ಇನ್ನೂ ಹೊಡೀತಾರೆ." ನನಗೀಗ ಎಷ್ಟು ವಯಸ್ಸು ಅಂದುಕೊಂಡಿದ್ದೀಯ ಅಂತ ಕೇಳಿ ಅಂದರು ಥೆರಪಿಸ್ಟ್. ಎಂಟು ಅಂತ ಬಂತು. ಆಗ ನನಗೆ ಮೂವತ್ತೆಂಟು. ಅಪ್ಪ ತೀರಿಕೊಂಡು ಆರು ವರ್ಷ. ನನಗೆ ಬೇರೆ ಮನೆ ಇದೆ, ಅದರ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇದೆ ಅಂತ ಅದಕ್ಕೆ ಹೇಳಿದೆ. ದವಡೆ ಸಡಿಲ ಆಗಿದ್ದು ಅವಾಗ.

ಅದರ ಒಪ್ಪಿಗೆ ಸಿಗುವ ತನಕ ಮುಂದೆ ಹೋಗಲಿಲ್ಲ. ಸಿಗಲು ಇನ್ನೂ ನಾಲ್ಕು ವಾರ ಹಿಡಿಯಿತು. ಅದರ ಹಿಂದೆ ಇದ್ದವಳು, ಅಡಿಗೆಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಮೊಣಕಾಲು ಕಟ್ಟಿಕೊಂಡು ಕೂತ ಹುಡುಗಿ. ಹೊರಗೆ ಸ್ಕೂಟರ್ ಸ್ಟ್ಯಾಂಡ್ ಹಾಕುವ ಸದ್ದಿಗೆ ಕಿವಿ ಕೊಟ್ಟು ಕೂತಿದ್ದಳು. ಅವಳು ನೋಡಿದ್ದನ್ನೆಲ್ಲ ತೋರಿಸಿದಳು, ನಾನು ನೋಡಿದೆ. ಅಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಕೇಳಿದೆ. ಅಜ್ಜಿ ಮನೆ ಜಗಲಿಗೆ ಅಂದಳು. ಕಲ್ಪನೆಯಲ್ಲೇ ಕರಕೊಂಡು ಹೋದೆ. ಹೊತ್ತಿದ್ದ ಭಯವನ್ನು ಎಲ್ಲಿ ಬಿಡುತ್ತೀಯ ಅಂದರೆ, ಊರ ಪಕ್ಕದ ಹೇಮಾವತಿ ನಾಲೆ ತೋರಿಸಿದಳು. ಈ ಕೊನೆಯ ಹಂತಕ್ಕೆ ಐಎಫ್‌ಎಸ್‌ನಲ್ಲಿ ಅನ್‌ಬರ್ಡನಿಂಗ್ ಅನ್ನುತ್ತಾರೆ, ಹೊರೆ ಇಳಿಸುವುದು. ಬೆಂಕಿ, ನೀರು, ಗಾಳಿ, ಮಣ್ಣು, ಯಾವುದಕ್ಕೆ ಕೊಡಬೇಕು ಅನ್ನುವುದನ್ನು ಆ ಭಾಗವೇ ಆರಿಸುತ್ತದೆ.

ಬರೆದರೆ ಇಷ್ಟೇ. ನಡೆದದ್ದು ಏಳು ತಿಂಗಳು.

ನನಗೆ ಒಳಗೆ ಯಾರೂ ಕಾಣಿಸಲ್ಲ. ಆಗ?

ಎಲ್ಲರಿಗೂ ಸಿನಿಮಾ ಥರ ಕಾಣಿಸಬೇಕು ಅಂತಿಲ್ಲ. ಕೆಲವರಿಗೆ ಬರೀ ಹೊಟ್ಟೆ ಹಿಂಡಿದ ಹಾಗೆ, ಗಂಟಲು ಕಟ್ಟಿದ ಹಾಗೆ ಆಗುತ್ತದೆ. ಕೆಲವರಿಗೆ ಮಾತು ಕೇಳಿಸುತ್ತದೆ, ಮುಖ ಇರುವುದಿಲ್ಲ. ನನ್ನ ಗೆಳತಿಗೆ ಬರೀ ಬಣ್ಣಗಳು. "ಏನೂ ಇಲ್ಲ, ಖಾಲಿ" ಅನ್ನುವುದೂ ಒಂದು ಭಾಗವೇ. ಬೇರೇನೂ ಕಾಣದ ಹಾಗೆ ಪರದೆ ಎಳೆದು ನಿಂತಿರುವ ಭಾಗ. ಅದನ್ನೇ ಮೊದಲು ಮಾತಾಡಿಸುತ್ತಾರೆ.

ಇದು ಹುಚ್ಚಲ್ವಾ? ಮೈಮೇಲೆ ಬರೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹುಚ್ಚಲ್ಲ. ಐಎಫ್‌ಎಸ್ ಪ್ರಕಾರ ಭಾಗಗಳು ಎಲ್ಲರಲ್ಲೂ ಇರುತ್ತವೆ. ಸೆಷನ್ ಉದ್ದಕ್ಕೂ ನಿಮಗೆ ಎಚ್ಚರ ಇರುತ್ತದೆ. ನಾನು ಯಾರು, ಎಲ್ಲಿ ಕೂತಿದ್ದೇನೆ, ಇವತ್ತು ಯಾವ ವಾರ ಎಲ್ಲವೂ ಗೊತ್ತಿರುತ್ತದೆ. ಬೇಡ ಅನ್ನಿಸಿದರೆ ಕಣ್ಣು ಬಿಟ್ಟು ನೀರು ಕುಡಿಯಬಹುದು.

ಮೈಮೇಲೆ ದೇವರು ಬರುವುದು, ಭೂತದ ಕೋಲ, ಇವೆಲ್ಲ ಊರಿನ ನಂಬಿಕೆ, ಆಚರಣೆಯ ಒಳಗೆ ನಡೆಯುವಂಥವು. ಅವುಗಳನ್ನು ಕಾಯಿಲೆ ಅಂತ ಕರೆಯುವುದೂ ತಪ್ಪು, ಈ ಥೆರಪಿಯ ಜೊತೆ ಕಲಸುವುದೂ ತಪ್ಪು. ಆದರೆ ಹೊತ್ತು ಹೋದದ್ದೇ ಗೊತ್ತಾಗದಿದ್ದರೆ, ಮಾಡಿದ್ದು ಆಡಿದ್ದು ಪೂರ್ತಿ ಮರೆತು ಹೋಗುತ್ತಿದ್ದರೆ, ಬೇರೆಯವರು ಹೇಳಿದ ಮೇಲೆ ತಿಳಿಯುತ್ತಿದ್ದರೆ, ಹೊರಗಿನಿಂದ ದನಿ ಕೇಳಿಸುತ್ತಿದ್ದರೆ ಮೊದಲು ಮನೋವೈದ್ಯರನ್ನು ನೋಡಿ.

ಇದು ಕೆಲಸ ಮಾಡುತ್ತದೆ ಅನ್ನಲು ಪುರಾವೆ ಇದೆಯಾ?

ಇದೆ, ಆದರೆ ಇನ್ನೂ ಕಡಿಮೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಧಿವಾತ ಇದ್ದ 79 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಐಎಫ್‌ಎಸ್ ಪಡೆದವರಲ್ಲಿ ಕೀಲು ನೋವು, ಖಿನ್ನತೆಯ ಲಕ್ಷಣಗಳು ಕಡಿಮೆ ಆದವು. ಚಿಕ್ಕಂದಿನಲ್ಲಿ ಹಲವು ಥರದ ಆಘಾತ ಕಂಡು ಪಿಟಿಎಸ್‌ಡಿ ಆಗಿದ್ದ 17 ಜನರ ಮೇಲೆ, 16 ಸೆಷನ್‌ಗಳ ಇನ್ನೊಂದು ಅಧ್ಯಯನ 2021ರಲ್ಲಿ ಬಂತು. ಫಲಿತಾಂಶ ಚೆನ್ನಾಗಿತ್ತು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ಜನವೂ ಕಡಿಮೆ.

ಪಿಟಿಎಸ್‌ಡಿಗೆ ಹೆಚ್ಚು ಪುರಾವೆ ಇರುವುದು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಥೆರಪಿ), ಇಎಂಡಿಆರ್ (ಹಳೇ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣು ಅತ್ತಿತ್ತ ಆಡಿಸುವ ಥೆರಪಿ) ಇಂಥವಕ್ಕೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ್ದೂ ಈ ಎರಡನ್ನೇ. ನಿಮ್ಮ ಊರಿನಲ್ಲಿ ಒಳ್ಳೆ ಇಎಂಡಿಆರ್ ಥೆರಪಿಸ್ಟ್ ಸಿಕ್ಕಿ, ಐಎಫ್‌ಎಸ್‌ನವರು ಸಿಗದಿದ್ದರೆ ಸುಮ್ನೆ ಕಾಯುತ್ತಾ ಕೂರಬೇಡಿ, ಹೋಗಿ. ಎರಡನ್ನೂ ಸೇರಿಸಿ ಮಾಡುವವರೂ ಇದ್ದಾರೆ.

ಮಾತ್ರೆ ನಿಲ್ಲಿಸಬಹುದಾ?

ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಕೊಟ್ಟ ಡಾಕ್ಟರ್ ಹೇಳಿದ ಮೇಲೆ, ಅವರು ಹೇಳಿದ ಹಾಗೆ ನಿಧಾನಕ್ಕೆ. ನಾನು ಮೊದಲ ವರ್ಷ ಮಾತ್ರೆ ತಗೊಳ್ಳುತ್ತಲೇ ಥೆರಪಿಗೆ ಹೋದೆ. ನಿದ್ದೆ ಸರಿಯಾದ ಮೇಲೇ ಒಳಗಿನ ಕೆಲಸ ಮಾಡಲು ತ್ರಾಣ ಬಂದದ್ದು.

ಮನೇಲಿ ನಾನೇ ಮಾಡಿಕೊಳ್ಳಬಹುದಾ?

ಕಾವಲು ಕಾಯುವ ಭಾಗಗಳನ್ನು ಗುರುತಿಸುವುದು, ಅವುಗಳಿಗೆ ಒಂದು ನೋಟ್‌ಬುಕ್ಕಿನಲ್ಲಿ ಕಾಗದ ಬರೆಯುವುದು, ಇಷ್ಟು ಮಾಡಬಹುದು. "ನನಗೆ ಸಿಟ್ಟು ಬಂದಿದೆ" ಅನ್ನುವ ಬದಲು "ನನ್ನ ಒಂದು ಭಾಗಕ್ಕೆ ಸಿಟ್ಟು ಬಂದಿದೆ" ಅಂತ ಹೇಳಿ ನೋಡಿ. ಸ್ವಲ್ಪ ಜಾಗ ಸಿಗುತ್ತದೆ.

ಗಡೀಪಾರಾದ ಮಕ್ಕಳ ಹತ್ತಿರ ಮಾತ್ರ ಒಬ್ಬರೇ ಹೋಗಬೇಡಿ. ನಾನು ಒಂದು ಭಾನುವಾರ ಹಾಗೆ ಹೋಗಿ, ಮೂರು ದಿನ ಹಾಸಿಗೆಯಿಂದ ಏಳಲು ಆಗಲಿಲ್ಲ. ಕಾವಲುಗಾರರನ್ನು ಕೇಳದೆ ಬಾಗಿಲು ಮುರಿದ ಹಾಗಾಯಿತು.

ಈಗಲೂ ಹೊಡೆಯುವವರ ಮನೆಯಲ್ಲೇ ಇದ್ದರೆ ಮೊದಲು ಆ ಹೊಡೆತ ನಿಲ್ಲಬೇಕು. ಹೆಂಗಸರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಅಂಥ ಮನೆಯಲ್ಲಿ ನಿಮ್ಮ ಕಾವಲುಗಾರರು ಇನ್ನೂ ಡ್ಯೂಟಿಯಲ್ಲಿ ಇರಬೇಕಾದ್ದು ನ್ಯಾಯವೇ ಅಲ್ವಾ?

ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಕೌನ್ಸೆಲರ್. ಯಾರ ಹತ್ತಿರ ಹೋಗಲಿ?

ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು. ಎಂಬಿಬಿಎಸ್ ಓದಿ, ಆಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡುತ್ತಾರೆ, ಥೆರಪಿ ಕೊಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ ನೋಂದಣಿ ಇರಬೇಕು. ಆ ನಂಬರ್ ಕೇಳಿ, ಮಂಡಳಿಯ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರು ನಿಮಗೆ ಬೇಡ.

ಕೌನ್ಸೆಲರ್‌ಗಳಲ್ಲಿ ಮನಃಶಾಸ್ತ್ರದಲ್ಲಿ ಎಂಎ, ಎಂಎಸ್ಸಿ ಮಾಡಿ ಚೆನ್ನಾಗಿ ಪಳಗಿದವರಿದ್ದಾರೆ. ಎರಡು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇದ್ದಾರೆ. ಹಾಗಾಗಿ ಏನು ಓದಿದ್ದೀರಿ, ಯಾರ ಕೈಕೆಳಗೆ ಕಲಿತಿರಿ ಅಂತ ಕೇಳಲೇಬೇಕು.

ಐಎಫ್‌ಎಸ್ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ಐಎಫ್‌ಎಸ್ ಸಂಸ್ಥೆಯ ತರಬೇತಿಯಲ್ಲಿ ಲೆವೆಲ್ 1, 2, 3 ಅಂತ ಹಂತಗಳಿವೆ. ಲೆವೆಲ್ 1ಕ್ಕೆ ಥೆರಪಿಸ್ಟ್ ಅಲ್ಲದವರೂ ಸೇರಬಹುದು, ಲೈಫ್ ಕೋಚ್‌ಗಳು ಸೇರುತ್ತಾರೆ. ಅಂದರೆ ಐಎಫ್‌ಎಸ್ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಟ್ರಾಮಾ ನಿಭಾಯಿಸಲು ಬರುತ್ತದೆ ಅಂತಿಲ್ಲ. "ಐಎಫ್‌ಎಸ್ ಇನ್‌ಫಾರ್ಮ್ಡ್" ಅಂದರೆ ಪುಸ್ತಕ ಓದಿದ್ದಾರೆ, ಒಂದೆರಡು ವರ್ಕ್‌ಶಾಪ್ ಮಾಡಿದ್ದಾರೆ ಅಂತಲೂ ಇರಬಹುದು. ನನ್ನನ್ನು ಕೇಳಿದರೆ, ಟ್ರಾಮಾ ಚೆನ್ನಾಗಿ ಬಲ್ಲ, ಐಎಫ್‌ಎಸ್ ಸ್ವಲ್ಪವೇ ಗೊತ್ತಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಲು. ಐಎಫ್‌ಎಸ್ ಪೂರ್ತಿ ಗೊತ್ತಿದ್ದು ಟ್ರಾಮಾ ಗೊತ್ತಿಲ್ಲದ ಕೋಚ್ ಹತ್ತಿರ ಈ ಗಾಯ ತಗೊಂಡು ಹೋಗಬೇಡಿ.

ಎಲ್ಲಿ ಹುಡುಕಬೇಕು? ನಾವು ಬೆಂಗಳೂರಿನಲ್ಲಿ ಇಲ್ಲ.

ಐಎಫ್‌ಎಸ್ ಸಂಸ್ಥೆಯ ವೆಬ್‌ಸೈಟಿನಲ್ಲಿ ತರಬೇತಿ ಪಡೆದವರ ಪಟ್ಟಿ ಇದೆ. ಆನ್‌ಲೈನ್ ಸೆಷನ್ ಕೊಡುವ ಥೆರಪಿಸ್ಟ್ ಸಿಕ್ಕರೆ ಸಿಂಧನೂರಿನಿಂದಲೂ ಆಗುತ್ತದೆ, ಶಿರಸಿಯಿಂದಲೂ ಆಗುತ್ತದೆ. ಇಂಟರ್ನೆಟ್ ಸರಿಯಾಗಿರಬೇಕು, ಒಂದು ಗಂಟೆ ಯಾರೂ ಬಾಗಿಲು ತಟ್ಟದ ಕೋಣೆ ಇರಬೇಕು. ಎರಡನೆಯದೇ ಕಷ್ಟ. ನನಗೆ ಗೊತ್ತಿರುವ ಒಬ್ಬರು ಕಾರನ್ನು ತೋಟದ ದಾರಿಯಲ್ಲಿ ನಿಲ್ಲಿಸಿಕೊಂಡು ಅದರೊಳಗೆ ಕೂತೇ ಎರಡು ವರ್ಷ ಮಾಡಿದರು.

ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ವ್ಯವಸ್ಥೆಯಿಂದ ಶುರು ಮಾಡಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಮಾಡಿದ ಪ್ರಯೋಗ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮವೂ ರಾಜ್ಯದಲ್ಲಿದೆ. ಹೋಗುವ ಮುಂಚೆ ಫೋನ್ ಮಾಡಿ ವಿಚಾರಿಸಿ. ಇಲ್ಲೆಲ್ಲ ಐಎಫ್‌ಎಸ್ ಸಿಕ್ಕೇ ಸಿಗುತ್ತದೆ ಅನ್ನಲಾರೆ. ಆದರೆ ಸರಿಯಾದ ಪರೀಕ್ಷೆ, ನಿದ್ದೆಗೆ, ಖಿನ್ನತೆಗೆ ಚಿಕಿತ್ಸೆ, ಮುಂದಿನ ದಾರಿ ಸಿಗುತ್ತದೆ.

"ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವನ್ನ" ಅಂತ ನಾವು ಮಾತುಮಾತಿಗೂ ಅನ್ನುತ್ತೇವಲ್ಲ, ಆ ಮಾತಿಗೆ ಹೆದರಿ ಎಷ್ಟು ಜನ ಅಲ್ಲಿಗೆ ಹೋಗದೆ ಉಳಿದರೋ. ದಯವಿಟ್ಟು ಆ ಮಾತು ಬಿಡೋಣ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ವಿಷಯ. ಅಲ್ಲಿ ಲೈಸೆನ್ಸ್ ರಾಜ್ಯದ ಲೆಕ್ಕ. ನೀವು ಟೆಕ್ಸಸ್‌ನಲ್ಲಿದ್ದರೆ ಸಾಮಾನ್ಯವಾಗಿ ಟೆಕ್ಸಸ್‌ನಲ್ಲಿ ಅನುಮತಿ ಇರುವ ಥೆರಪಿಸ್ಟೇ ಬೇಕಾಗುತ್ತದೆ. ಊರಿನ ಥೆರಪಿಸ್ಟ್ ಬೇಕು ಅನ್ನಿಸಿದರೆ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ.

ಮೊದಲ ಫೋನಿನಲ್ಲಿ ಏನು ಕೇಳಬೇಕು?

ಓದು, ಅನುಭವ, ಫೀಸು, ಸಮಯ, ಕ್ಯಾನ್ಸಲ್ ಮಾಡಿದರೆ ದುಡ್ಡು ಹೋಗುತ್ತದಾ ಅನ್ನುವುದನ್ನು ಕೇಳಿ. ಇವೆಲ್ಲ ಬೇಗ ಮುಗಿಯುತ್ತವೆ. ನಾನು ಕೇಳಿ ಅನ್ನುವುದು ಇನ್ನೊಂದು ಪ್ರಶ್ನೆ: "ನನ್ನ ಒಂದು ಭಾಗಕ್ಕೆ ಥೆರಪಿಗೆ ಬರೋದೇ ಇಷ್ಟ ಇಲ್ಲ. ಅದನ್ನ ಏನು ಮಾಡ್ತೀರಾ?"

ಉತ್ತರವನ್ನು ಗಮನವಿಟ್ಟು ಕೇಳಿ. "ಅದನ್ನ ಸರಿ ಮಾಡೋಣ", "ಅದನ್ನ ದಾಟಿ ಹೋಗೋಣ" ಅಂದರೆ ಹುಷಾರಾಗಿರಿ. "ಅದಕ್ಕೆ ಯಾಕೆ ಇಷ್ಟ ಇಲ್ಲ ಅಂತ ಮೊದಲು ಕೇಳೋಣ, ಅದು ಹೇಳೋ ಮಾತಲ್ಲಿ ಏನೋ ಇರುತ್ತೆ" ಅಂದರೆ ನೀವು ಸರಿಯಾದ ಕಡೆ ಬಂದಿದ್ದೀರಿ. ನನ್ನ ಥೆರಪಿಸ್ಟ್ ನಾನು ಕೇಳುವ ಮುಂಚೆಯೇ, "ನನ್ನನ್ನ ನಂಬಬೇಡ ಅನ್ನೋ ಭಾಗ ಇದ್ರೆ ಅದೂ ಬರ್ಲಿ, ಅದಕ್ಕೂ ಕುರ್ಚಿ ಇದೆ" ಅಂದಿದ್ದರು. ನಾನು ಉಳಿದಿದ್ದು ಆ ಮಾತಿಗೆ.

ಎರಡು ಮೂರು ಜನರ ಜೊತೆ ಮಾತಾಡಿ. ಮದುವೆಗೆ ಸೀರೆ ತೆಗೆಯಲು ಆರು ಅಂಗಡಿ ಸುತ್ತುತ್ತೇವೆ, ಇಲ್ಲಿ ಮಾತ್ರ ಮೊದಲು ಸಿಕ್ಕವರಿಗೇ ಒಪ್ಪಿಕೊಂಡುಬಿಡುತ್ತೇವೆ. ಮೂರು ನಾಲ್ಕು ಸೆಷನ್ ಆದಮೇಲೂ ಅವರ ಎದುರು ಮೈ ಸಡಿಲ ಆಗದಿದ್ದರೆ ಅದನ್ನು ಅವರಿಗೇ ಹೇಳಿ. ಒಳ್ಳೆಯವರಾದರೆ ಆ ಮಾತಿಗೆ ಜಾಗ ಕೊಡುತ್ತಾರೆ, ಬೇಕಿದ್ದರೆ ಬೇರೆಯವರ ಹೆಸರನ್ನೂ ಅವರೇ ಕೊಡುತ್ತಾರೆ.

ಕನ್ನಡ ಬರುವ ಥೆರಪಿಸ್ಟೇ ಬೇಕಾ? ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ.

ನನಗೂ ಬರುತ್ತದೆ. ಆಫೀಸಿನಲ್ಲಿ ದಿನವಿಡೀ ಅದೇ ಭಾಷೆ. ಮೊದಲ ಇಬ್ಬರು ಥೆರಪಿಸ್ಟ್‌ಗಳ ಹತ್ತಿರ ಇಂಗ್ಲಿಷಿನಲ್ಲೇ ಎಲ್ಲ ಹೇಳಿದೆ. ಒಂದು ತೊಟ್ಟು ಕಣ್ಣೀರು ಬರಲಿಲ್ಲ. ನನ್ನ ಇಂಗ್ಲಿಷ್ ಮಾತಾಡುವುದು ಮ್ಯಾನೇಜರ್ ಭಾಗ ಅಂತ ಆಮೇಲೆ ಗೊತ್ತಾಯಿತು. ನೀಟಾಗಿ, ವರದಿ ಒಪ್ಪಿಸುವ ಹಾಗೆ ಹೇಳುತ್ತಿತ್ತು.

ಅಕ್ಕಿ ಡ್ರಮ್ಮಿನ ಹಿಂದೆ ಕೂತವಳಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ಎಂಟು ವರ್ಷದವಳು, ಊರ ಶಾಲೆಯ ಮೂರನೇ ಕ್ಲಾಸು. "ಸುಮ್ಕಿರು, ಉಸ್ರೆತ್ಬ್ಯಾಡ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಆ ಮಾತನ್ನು ಬೇರೆ ಭಾಷೆಗೆ ಹಾಕಿದ ಕೂಡಲೇ ಅವಳು ಹೋಗಿಬಿಡುತ್ತಾಳೆ. ನಿಮ್ಮ ಒಳಗಿನ ಮಗು ತುಳು ಮಾತಾಡಬಹುದು, ಕೊಂಕಣಿ ಮಾತಾಡಬಹುದು, ಬ್ಯಾರಿ, ಕೊಡವ, ಉರ್ದು, ಧಾರವಾಡದ ಕನ್ನಡ ಮಾತಾಡಬಹುದು. ಥೆರಪಿಸ್ಟ್‌ಗೆ ಆ ಭಾಷೆ ಬಂದರೆ ಬಹಳ ಒಳ್ಳೆಯದು. ಬರದಿದ್ದರೂ ಪರವಾಗಿಲ್ಲ, ಒಳಗಿನ ಮಾತು ನಿಮ್ಮ ಭಾಷೆಯಲ್ಲೇ ನಡೆಯಲಿ, ನನಗೆ ಆಮೇಲೆ ಸಾರ ಹೇಳಿದರೆ ಸಾಕು ಅನ್ನುವ ಥೆರಪಿಸ್ಟ್ ಆದರೂ ಸಿಗಬೇಕು. ಇದನ್ನು ಮೊದಲ ಫೋನಿನಲ್ಲೇ ಕೇಳಿ.

ಯಾವಾಗ ಬಿಟ್ಟು ಬರಬೇಕು?

ನಾನು ಮೊದಲು ಹೋದ ಕಡೆ ಎರಡನೇ ಸೆಷನ್‌ನಲ್ಲೇ, "ಅಪ್ಪ ಅಲ್ವಾ, ಅವರ ಕಷ್ಟಾನೂ ಯೋಚನೆ ಮಾಡಿ, ಮರೆತು ಮುಂದೆ ಹೋಗಿ" ಅಂದರು. ಮರೆಯಲು ಆಗುತ್ತಿದ್ದರೆ ಅಲ್ಲಿಗೆ ಯಾಕೆ ಹೋಗುತ್ತಿದ್ದೆ? ಇನ್ನೊಬ್ಬರು ಕಣ್ಣು ಮುಚ್ಚಿಸಿ ನೇರ ಆ ಅಡಿಗೆಮನೆಗೇ ಕರೆದುಕೊಂಡು ಹೋದರು. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಗಂಟೆ ಮುಗಿಯಿತು ಅಂತ ಎದ್ದು ನಿಂತರು. ನಾನು ಬಸ್‌ಸ್ಟಾಪಿನಲ್ಲಿ ನನ್ನ ಬಸ್ಸಿನ ನಂಬರ್ ನೆನಪಾಗದೆ ಬಹಳ ಹೊತ್ತು ನಿಂತಿದ್ದೆ. ಅದಾದ ಮೇಲೆ ಒಂದೂವರೆ ವರ್ಷ ಯಾರ ಹತ್ತಿರವೂ ಹೋಗಲಿಲ್ಲ.

ಅವಸರ ಮಾಡುವವರನ್ನು ಬಿಡಿ. ನಿಮಗೆ ನೆನಪಿಲ್ಲದ್ದನ್ನು "ನಿಮಗೆ ಖಂಡಿತ ಹೀಗೆ ಆಗಿರಬೇಕು" ಅಂತ ತಾವೇ ಹೇಳುವವರನ್ನು ಇನ್ನೂ ಬೇಗ ಬಿಡಿ. ಇಲ್ಲದ ನೆನಪು ಹುಟ್ಟಿಸುವ ಅಪಾಯ ಈ ಥರದ ಥೆರಪಿಯಲ್ಲಿ ನಿಜವಾಗಿ ಇದೆ. ಒಳ್ಳೆ ಥೆರಪಿಸ್ಟ್ ಪ್ರಶ್ನೆ ಕೇಳುತ್ತಾರೆ, ಉತ್ತರ ತುಂಬುವುದಿಲ್ಲ. ಮುಟ್ಟುವುದು, ಹೊರಗೆ ಸಿಗೋಣ ಅನ್ನುವುದು, ಜಾತಿ, ಧರ್ಮ, ಮದುವೆ, ಲೈಂಗಿಕತೆಯ ಬಗ್ಗೆ ಬುದ್ಧಿ ಹೇಳುವುದು, ಇವಕ್ಕೆ ಎರಡನೇ ಅವಕಾಶವೇ ಬೇಡ.

ನಾನು ಹೇಳಿದ್ದು ಗುಟ್ಟಾಗಿ ಉಳಿಯುತ್ತದಾ?

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ನಿಮ್ಮ ಗಂಡ, ಅತ್ತೆ, ಬಾಸ್ ಫೋನ್ ಮಾಡಿ ಕೇಳಿದರೂ ಹೇಳುವ ಹಾಗಿಲ್ಲ. ಜೀವಕ್ಕೆ ಅಪಾಯ, ಕೋರ್ಟ್ ಆದೇಶ ಇಂಥ ಕೆಲವು ಸಂದರ್ಭ ಬೇರೆ. ಇನ್ನೊಂದು ಮುಖ್ಯ ವಿಷಯ ಪೋಕ್ಸೊ. 2012ರ ಈ ಕಾಯ್ದೆ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಥೆರಪಿಸ್ಟ್‌ಗೂ ಕಡ್ಡಾಯ. ನಿಮ್ಮ ಚಿಕ್ಕಂದಿನ ವಿಷಯ ಹೇಳುವ ಮುಂಚೆ, ಇದನ್ನು ನೀವು ಹೇಗೆ ನಿಭಾಯಿಸುತ್ತೀರಿ ಅಂತ ಹೆಸರು, ವಿವರ ಹೇಳದೆ ಕೇಳಿಕೊಳ್ಳಿ.

ಎಷ್ಟು ದಿನ, ಎಷ್ಟು ದುಡ್ಡು?

ವಾರಕ್ಕೊಂದು ಸಲ, ಸುಮಾರು ಒಂದು ಗಂಟೆ. ಒಂದು ಸಲ ಆದ ಅಪಘಾತಕ್ಕೆ ಕೆಲವು ತಿಂಗಳು ಸಾಕಾಗಬಹುದು, ಬಾಲ್ಯವಿಡೀ ಆದದ್ದಕ್ಕೆ ವರ್ಷಗಳೇ ಬೇಕಾಗಬಹುದು. ಫೀಸು ಒಬ್ಬೊಬ್ಬರದು ಒಂದೊಂದು. ಆದಾಯ ನೋಡಿ ಕಡಿಮೆ ಮಾಡುವ ಥೆರಪಿಸ್ಟ್‌ಗಳಿದ್ದಾರೆ, ಸಂಕೋಚ ಬಿಟ್ಟು ಕೇಳಿ. ನಾನು ಎರಡನೇ ವರ್ಷ ಹದಿನೈದು ದಿನಕ್ಕೊಂದು ಸಲ ಹೋಗುತ್ತಿದ್ದೆ, ದುಡ್ಡಿಗಾಗಿಯೇ.

ಅಪ್ಪ ಅಮ್ಮನನ್ನು ಕ್ಷಮಿಸಲೇಬೇಕಾ?

ಬೇಕಿಲ್ಲ. ಥೆರಪಿ ಅದನ್ನು ಕೇಳುವುದಿಲ್ಲ. ನನ್ನ ಒಂದು ಭಾಗ ಅಪ್ಪನನ್ನು ಇನ್ನೂ ಪ್ರೀತಿಸುತ್ತದೆ. ಅವರು ಸಂತೆಯಿಂದ ತರುತ್ತಿದ್ದ ಕಡ್ಲೆಪುರಿಯ ಪೊಟ್ಟಣ ನೆನಪಿಟ್ಟುಕೊಂಡಿದೆ. ಇನ್ನೊಂದು ಭಾಗ ಕ್ಷಮಿಸಿಲ್ಲ. ಎರಡಕ್ಕೂ ನನ್ನಲ್ಲಿ ಜಾಗ ಇದೆ. ಮನೆಯವರಿಗೆ ಹೇಳಬೇಕೋ ಬೇಡವೋ ಅನ್ನುವುದೂ ಹಾಗೆಯೇ, ನಿಮಗೆ ಬಿಟ್ಟಿದ್ದು. ನಾನು ಅಮ್ಮನಿಗೆ ಹೇಳಿಲ್ಲ. ತಂಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಮಂಚದ ಕೆಳಗೆ ಇರ್ತಿದ್ದೆ" ಅಂದಳು.

ವಾಸಿ ಆಯ್ತು ಅಂತ ಹೇಗೆ ಗೊತ್ತಾಗುತ್ತದೆ?

ಒಂದು ದಿನ ಬೆಳಿಗ್ಗೆ ಎದ್ದಾಗ ಎಲ್ಲ ಹೋಗಿರುತ್ತದೆ ಅಂತ ಕಾದಿದ್ದೆ. ಹಾಗಾಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಪಾರ್ಕಿಂಗ್ ಇದೆ, ಅಡಿಗೆಮನೆ ಕಿಟಕಿಯ ನೇರಕ್ಕೆ. ಯಾರಾದರೂ ಸ್ಕೂಟರ್ ತಂದು ಸ್ಟ್ಯಾಂಡ್ ಹಾಕಿದರೆ ಮೊದಲೆಲ್ಲ ಕೈಯಲ್ಲಿದ್ದ ಸೌಟು ಹಾಗೇ ನಿಂತುಬಿಡುತ್ತಿತ್ತು. ಎಷ್ಟು ಹೊತ್ತು ಅಂತ ನನಗೇ ತಿಳಿಯುತ್ತಿರಲಿಲ್ಲ. ಒಗ್ಗರಣೆ ಸೀದು ಹೊಗೆ ಎದ್ದಮೇಲೆ ಎಚ್ಚರ ಆಗುತ್ತಿತ್ತು. ಈಗಲೂ ಆ ಸದ್ದಿಗೆ ಕೈ ಒಂದು ಕ್ಷಣ ನಿಲ್ಲುತ್ತದೆ. "ಕೆಳಗಿನ ಮನೆಯವರು ಬಂದ್ರು ಕಣೆ, ಅಷ್ಟೆ" ಅಂತ ಒಳಗೆ ಹೇಳುತ್ತೇನೆ. ಸಾಸಿವೆ ಇನ್ನೂ ಚಟಪಟ ಅನ್ನುತ್ತಿರುತ್ತದೆ. ಕರಿಬೇವು ಹಾಕುತ್ತೇನೆ.